ಮಣಿಕಟ್ಟಿನ ಮೇಲೆ ಹಾರಿದ ಕುರಿ

ಹಲೋ… ಹಲೋ, ಯಾರು ಮಾತಾಡುತ್ತಿರುವುದು? … ಹಾಂ? ಸ್ವಲ್ಪ ಗಟ್ಟಿಯಾಗಿ ಹೇಳ್ರಿ. ಅಂಗಳದಲ್ಲಿ ಕುರಿಮರಿಗಳು ಒದರುತ್ತಿವೆ, ಅರ್ಧ ಮಾತು ಕೇಳಿಸುತ್ತಿಲ್ಲ.

… ಯಾವ ಸಾಯಬಣ್ಣ? ಹನ್ನೂರದಲ್ಲಿ ಸಾಯಬಣ್ಣ ಎಂಬ ಹೆಸರಿನವರು ಒಬ್ಬರೇ ಇಲ್ಲವಲ್ಲ. ಹಿಟ್ಟಿನ ಗಿರಣಿಯ ಸಾಯಬಣ್ಣ ಇದ್ದಾರೆ, ಬಾವಿಯ ಮೋಟಾರು ದುರಸ್ತಿ ಮಾಡುವ ಸಾಯಬಣ್ಣ ಇದ್ದಾರೆ. ತಾವು ಅವರಲ್ಲಿ ಯಾರು?

… ಹೋ. ಬೀಗರು. ನನ್ನ ಸೊಸೆ ದೀಪಾಲಿಯ ತಂದೆ, ಹನ್ನೂರ ಡೊಳ್ಳಿನ ಮೇಳದ ಮುಖ್ಯಸ್ಥರು. ಹಾಗೆ ಹೇಳ್ರಿ. ನಿನ್ನೆ ಕಂದಲಗಾಂವದ ಬೀರಪ್ಪನ ಗುಡಿಯ ಮುಂದೆ, ಎರಡೂರಿನ ಮಂದಿ ಕೂತಲ್ಲಿ, ತಾವು ನನ್ನನ್ನು ಬೀಗ ಎಂದು ಕರೆಯಲಿಲ್ಲ. ‘ಆ ಚಪಳಗಾಂವದ ಮಾಸ್ತರ’ ಎಂದು ಕರೆದಿರಿ. ಅದಕ್ಕಾಗಿ ಇವತ್ತು ನನಗೂ ತಮ್ಮ ಧ್ವನಿಯ ಗುರುತು ಸಿಗಲಿಲ್ಲ. ತಪ್ಪು ತಿಳಿಯಬಾರದು.

… ಇಲ್ಲ, ಸಿಟ್ಟಿಲ್ಲ. ಸಿಟ್ಟು ಬರುವುದು ಚಹಾ ಆರಿ ಹೋದಾಗ, ಬಸ್ಸು ತಪ್ಪಿದಾಗ. ನಿನ್ನೆಯಿಂದ ನನಗೆ ಆಗುತ್ತಿರುವುದಕ್ಕೆ ಬೇರೆ ಹೆಸರು ಬೇಕು. ನಾನು ಇಷ್ಟು ವರ್ಷ ಕನ್ನಡ ಸಾಲೆಯಲ್ಲಿ ಮಕ್ಕಳಿಗೆ ಶಬ್ದ ಕಲಿಸಿದವನು, ನನಗೇ ಅದು ಸಿಕ್ಕಿಲ್ಲ. ಸಿಕ್ಕಾಗ ತಮಗೇ ಮೊದಲು ತಿಳಿಸುತ್ತೇನೆ.

… ಹಾಂ. ಹೇಳ್ರಿ, ಕೇಳುತ್ತಿದ್ದೇನೆ. ಬೇಗ ಹೇಳ್ರಿ. ಬೆಳಗಿನಿಂದ ಲೈಟಿಲ್ಲ, ನನ್ನ ಮೊಬೈಲಿನ ಚಾರ್ಜು ತಳ ಹತ್ತಿದೆ.

… ಸಂಜೆಗೆ ಪಂಚರು ಕೂಡುತ್ತಾರೆ, ಸರಿ. ಕಂದಲಗಾಂವದ ಪೂಜಾರಿಯೂ ಇರುತ್ತಾರೆ, ಸರಿ. ಮುಂದೆ?

… ಏನು? ಇನ್ನೊಮ್ಮೆ ಹೇಳ್ರಿ. … ಇಲ್ಲ, ಕೇಳಿಸಿತು. ಆದರೂ ಇನ್ನೊಮ್ಮೆ ಹೇಳ್ರಿ, ತಮ್ಮ ಬಾಯಿಂದ ಎರಡನೆಯ ಸಲವೂ ಅದೇ ಮಾತು ಹೊರಡುತ್ತದೆಯೇ ನೋಡುತ್ತೇನೆ.

… ಹೊರಟಿತು. ಅಂದರೆ ನನ್ನ ಮಗ ಲಕ್ಷ್ಮೀಕಾಂತ ಬೀರಪ್ಪನ ಅರಿಶಿನದ ಭಂಡಾರ ಮುಟ್ಟಿ, ‘ಹೌದು, ಹನ್ನೂರದವರ ಹಾಡಿನ ಸವಾಲಿಗೆ ನಾನು ಕೊಟ್ಟ ಜವಾಬು ನನ್ನದಲ್ಲ, ಕೈಗಡಿಯಾರದಲ್ಲಿ ಯಾರೋ ಕಳಿಸಿದ್ದು’ ಎಂದು ಒಪ್ಪಿಕೊಳ್ಳಬೇಕು. ಒಂದು ತೆಂಗಿನಕಾಯಿ ಒಡೆಯಬೇಕು. ನಮ್ಮ ಮೇಳ ವರ್ಷದ ಮಟ್ಟಿಗೆ ಯಾವ ಗುಡಿಯ ಮುಂದೆಯೂ ಹಾಡಬಾರದು. ಅಷ್ಟಾದರೆ ನಮ್ಮ ಡೊಳ್ಳನ್ನು ಬಿಟ್ಟುಕೊಡುತ್ತಾರೆ. ಮತ್ತು ಈ ಏರ್ಪಾಟನ್ನು ತಾವು ನಮ್ಮ ಮೇಲಿನ ಪ್ರೀತಿಯಿಂದ, ಮಗಳ ಮನೆ ಎಂಬ ಅಂತಃಕರಣದಿಂದ ಪಂಚರ ಕೈಕಾಲು ಹಿಡಿದು ಮಾಡಿದ್ದೀರಿ. ಅಷ್ಟೇ ಅಲ್ಲೇನ್ರಿ?

… ಬಹಳ ಉಪಕಾರವಾಯಿತು. ಈಗ ನನ್ನ ಮಾತು ಕೇಳ್ರಿ. ನಡುವೆ ಬಾಯಿ ಹಾಕಬಾರದು.

ಆ ಡೊಳ್ಳು ನನ್ನ ಅಜ್ಜ ಕಟ್ಟಿಸಿದ್ದು. ನಾಳೆ ಅಮಾವಾಸ್ಯೆ. ಚಪಳಗಾಂವದ ಬೀರಪ್ಪನ ಮುಂದೆ ಆ ಡೊಳ್ಳು ನುಡಿಯದ ಅಮಾವಾಸ್ಯೆಯನ್ನು ನಾನು ಕಂಡಿಲ್ಲ, ನನ್ನ ಅಪ್ಪನೂ ಕಂಡಿರಲಿಲ್ಲ. ಮನೆಯಲ್ಲಿ ಹೆಣ ಇದ್ದ ದಿನವೂ ನೆರೆಯವರು ಹೊತ್ತುಕೊಂಡು ಹೋಗಿ ಬಡಿದು ಬಂದಿದ್ದಾರೆ. ಇವತ್ತು ಅದು ಪರ ಊರಿನ ಗುಡಿಯ ಕಟ್ಟೆಯ ಮೇಲೆ, ಮುಖ ನೆಲಕ್ಕೆ ಹಚ್ಚಿಕೊಂಡು ನಿಂತಿದೆ. ಡೊಳ್ಳಿನ ಮುಖ ನೆಲಕ್ಕೆ ಹಚ್ಚುವುದು ಎಂದರೆ ಏನೆಂಬುದು ತಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯನ ತಲೆ ಬೋಳಿಸಿ ಕತ್ತೆಯ ಮೇಲೆ ಕೂರಿಸಿದರೆ ಅವನು ಮರುದಿನ ಊರು ಬಿಟ್ಟು ಹೋಗಬಹುದು. ಡೊಳ್ಳು ಎಲ್ಲಿಗೆ ಹೋಗಬೇಕು?

… ಹಾಂ, ಗೊತ್ತು, ಹಚ್ಚಿದವರು ಪಂಚರು. ಗಡಿಯಾರದ ಮಾತನ್ನು ಮೊದಲು ಕೂಗಿದವರು ಯಾರು?

… ನೀವಲ್ಲ. ಒಪ್ಪಿದೆ. ಕೂಗಿದವನು ನಿಮ್ಮ ಮಗ ಓಂಕಾರ. ನಿಮ್ಮ ಮೇಳದ ಮುಂದಾಳು ಹಾಡುಗಾರ. ನೀವು ಪಕ್ಕದಲ್ಲಿ ಕೂತು ಮೀಸೆ ತೀಡಿಕೊಂಡಿರಿ. ತೀಡಿದ್ದನ್ನು ನಾನು ಕಂಡಿದ್ದೇನೆ.

… ಮೀಸೆಗೆ ಭಂಡಾರ ಹತ್ತಿತ್ತು, ಒರೆಸಿಕೊಂಡಿರಿ. ಸರಿ, ಹಾಗೆಯೇ ಇರಲಿ.

ಈಗ ಆ ಸವಾಲಿನ ವಿಚಾರಕ್ಕೆ ಬರೋಣ. ತಮ್ಮ ಓಂಕಾರ ಹಾಡಿದ ಸವಾಲು ಯಾವುದು? ‘ಬದುಕಿದ್ದಾಗ ಹಿಂಡಿನೊಳಗೆ ಒಂದಾಗಿದ್ದು, ಸತ್ತ ಮೇಲೆ ಹಿಂಡನ್ನೇ ಕರೆಯುವುದು ಯಾವುದು?’ ಇದನ್ನು ಕಟ್ಟಿದವರು ತಾವೇ ಅಲ್ಲವೆ? … ತಾವೇ. ಬೀಗರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಆ ಸವಾಲನ್ನು ನಮ್ಮ ಅಂಗಳದ ಟಗರಿಗೆ ಕೇಳಿದರೆ ಅದು ಕೊಂಬಿನಿಂದ ಡೊಳ್ಳಿನ ತೊಗಲನ್ನು ತೋರಿಸುತ್ತದೆ. ಹುಟ್ಟಿದಾಗಿನಿಂದ ಡೊಳ್ಳಿನ ಮಗ್ಗುಲಲ್ಲಿ ಮಲಗಿ ಬೆಳೆದ ಹುಡುಗನಿಗೆ ಅದರ ಜವಾಬನ್ನು ಗಡಿಯಾರ ಹೇಳಬೇಕೆ? ಸವಾಲು ಮುಗಿಯುವ ಮೊದಲೇ ಜವಾಬು ಬಂತು, ಆದ್ದರಿಂದ ಮೋಸ ಎನ್ನುತ್ತೀರಿ. ಅಷ್ಟು ಬೇಗ ಜವಾಬು ಬರುವಂಥ ಸವಾಲು ಕಟ್ಟಿದವರನ್ನು ಯಾರೂ ಏನೂ ಅನ್ನುವುದಿಲ್ಲ.

… ನಗುತ್ತಿಲ್ಲ. ನನಗೆ ನಗುವ ಹೊತ್ತೆ ಇದು?

… ಹೌದು, ಅವನು ಮೇಲಿಂದ ಮೇಲೆ ಮಣಿಕಟ್ಟು ನೋಡಿಕೊಳ್ಳುತ್ತಿದ್ದ. ನಾನೂ ನೋಡಿದೆ. ಸುಳ್ಳೇಕೆ ಹೇಳಲಿ? ಎಲ್ಲರ ಮೊಬೈಲನ್ನೂ ಬಂದ್ ಮಾಡಿಸಿ, ದೇವರ ಮುಂದೆ ಕರಿಕಂಬಳಿಯ ಮೇಲೆ ಸಾಲಾಗಿ ಇಡಿಸಿ, ಪೂಜಾರಿ ಅವುಗಳ ಮೇಲೆ ಭಂಡಾರ ಹಾಕಿದರು. ಈ ಕಟ್ಟಳೆಯನ್ನು ತಂದವರೇ ನಾನೂ ತಾವೂ ಸೇರಿ. ಹಾಗಿದ್ದರೆ ಅವನ ಕೈಯಲ್ಲಿ ಗಡಿಯಾರ ಯಾಕೆ ಉಳಿಯಿತು? ನೆನಪಿದೆಯೋ ಇಲ್ಲವೋ?

… ಇಲ್ಲ? ನಾನು ನೆನಪು ಮಾಡಿಕೊಡುತ್ತೇನೆ. ಲಕ್ಷ್ಮೀಕಾಂತ ಮೊಬೈಲು ಇಟ್ಟು, ಗಡಿಯಾರದ ಪಟ್ಟಿಗೂ ಕೈ ಹಚ್ಚಿದ. ಆಗ ತಾವು ಏನು ಹೇಳಿದಿರಿ? ‘ಅಳಿಯಂದಿರ, ದಿವಾಳಿ ಸಣದಾಗ ನಾ ಕಟ್ಟಿದ್ದು. ನನ್ನ ಎದುರಿಗೆ ಬಿಚ್ಚಬ್ಯಾಡ್ರಿ, ಚಂದ ಕಾಣಂಗಿಲ್ಲ’ ಎಂದಿರಿ. ಮಾವ ದೀಪಾವಳಿ ಹಬ್ಬದ ಉಡುಗೊರೆಯಾಗಿ ಕಟ್ಟಿದ್ದನ್ನು ಮಾವನ ಎದುರಿಗೆ ಬಿಚ್ಚಿದರೆ ಅವಮಾನ ಎಂದು ಅವನು ಕೈ ತೆಗೆದ. ನಾನೂ ‘ಹೌದಪ್ಪಾ, ಬಿಚ್ಚಬೇಡ’ ಎಂದೆ. ನನಗಾದರೂ ಏನು ಗೊತ್ತು? ಗಡಿಯಾರ ಎಂದರೆ ವೇಳೆ ತೋರಿಸುವ ಯಂತ್ರ ಎಂದೇ ತಿಳಿದಿದ್ದೆ. ಸೊಲ್ಲಾಪುರದ ನವೀ ಪೇಠೆಯ ಅಂಗಡಿಯಿಂದ ಆರಿಸಿ ತಂದವರು ತಾವು. ತಾವೇ ಕಟ್ಟಿದಿರಿ, ತಾವೇ ಬಿಚ್ಚಗೊಡಲಿಲ್ಲ, ಈಗ ತಾವೇ ಕಳ್ಳನೆಂದು ಒಪ್ಪಿಕೋ ಎನ್ನುತ್ತೀರಿ. ಮೂರೂ ಕೆಲಸವನ್ನು ಒಬ್ಬರೇ ಮಾಡಿದಿರಿ, ಬೀಗರೆ. ಬೇರೆಯವರಿಗೆ ಏನಾದರೂ ಉಳಿಸಬೇಕಿತ್ತು.

… ಹಾಂ? ಗಡಿಯಾರವೆ? ನನ್ನ ಹತ್ತಿರವೇ ಇದೆ. ನಿನ್ನೆ ಮನೆಗೆ ಬಂದ ತಕ್ಷಣ ಬಿಚ್ಚಿಸಿಕೊಂಡು ದೇವರ ಜಗಲಿಯ ಕೆಳಗೆ ಇಟ್ಟಿದ್ದೇನೆ. ಅದರ ಮೇಲೆ ತಾಮ್ರದ ಚರಗಿ ಬೋರಲು ಹಾಕಿದ್ದೇನೆ. ನಮ್ಮ ಡೊಳ್ಳಿನ ಮುಖ ನೆಲಕ್ಕಿರುವ ತನಕ ಅದಕ್ಕೂ ಬೆಳಕು ಬೇಡ.

… ತೆರೆದು ನೋಡಿಲ್ಲ. ನಿನ್ನೆಯಿಂದ ಅವನೊಡನೆ ನಾನು ಮಾತನ್ನೇ ಆಡಿಲ್ಲ. ‘ಮೋಸ ಮಾಡಿದೆಯೇನು?’ ಎಂದು ಒಂದೇ ಪ್ರಶ್ನೆ ಕೇಳಿದೆ. ‘ಇಲ್ಲಪ್ಪಾ’ ಎಂದ. ‘ಮತ್ತೇನು ನೋಡುತ್ತಿದ್ದಿ?’ ಎಂದೆ. ತಲೆ ಕೆಳಗೆ ಹಾಕಿದ. ಸೊಲ್ಲಾಪುರದ ಚಾದರಿನ ಕಾರಖಾನೆಯ ಕೆಲಸಕ್ಕೆ ಇವತ್ತು ರಜೆ ಹಾಕಿ ಅಂಗಳದಲ್ಲಿಯೇ ನಿಂತಿದ್ದಾನೆ. ಅಲ್ಲೇ ಇದ್ದಾನೆ, ಕಾಣುತ್ತಿದ್ದಾನೆ.

… ಬಂದ ಜವಾಬು ಅದರೊಳಗೇ ಉಳಿದಿರುತ್ತದೆ ಎನ್ನುತ್ತೀರಾ? ಅಳಿಸಿದರೆ ಬೇರೆ ಮಾತು, ಇಲ್ಲವಾದರೆ ಇರುತ್ತದೆ. ಹಾಂ. ಹಾಗಾದರೆ ಈಗಲೇ ತೆರೆಯೋಣ. ತಾವು ಫೋನು ಇಡಬೇಡಿ. ತಮ್ಮ ಕಿವಿಯ ಎದುರಿಗೇ ತೆರೆಯುತ್ತೇನೆ. ಓದುವವಳು ನಿಮ್ಮ ಮಗಳೇ ಆಗಲಿ, ನಾವು ಏನಾದರೂ ಮುಚ್ಚಿಟ್ಟೆವು ಎಂಬ ಮಾತು ಬೇಡ.

ದೀಪಾಲಿ, ತಂಗಿ, ಒಳಗಿನಿಂದ ಆ ಚರಗಿ ಎತ್ತಿ ಗಡಿಯಾರ ತಗೊಂಡು ಬಾ. … ಹೌದು, ನಿಮ್ಮ ಅಪ್ಪನೇ ಫೋನಿನಲ್ಲಿ ಇರುವುದು. ಬಾ.

… ತರುತ್ತಿದ್ದಾಳೆ, ಬೀಗರೆ. ಇರ್ರಿ.

ಏನೋ ಲಕ್ಷ್ಮೀಕಾಂತ? … ಬ್ಯಾಡ ಎಂದರೆ? ಯಾಕೆ ಬೇಡ? ನಿನ್ನೆಯಿಂದ ಗೋಡೆಯ ಹಾಗೆ ನಿಂತವನು ಗಡಿಯಾರ ತೆರೆಯುತ್ತೇನೆ ಎಂದ ಕೂಡಲೆ ಬಾಯಿ ಬಿಟ್ಟೆಯಲ್ಲ. ಬಾಯಿ ಮುಚ್ಚಿಕೊಂಡು ಅಲ್ಲಿಯೇ ನಿಲ್ಲು.

… ಹೌದು, ತಾವು ಕೇಳಿಸಿಕೊಂಡಿರಿ. ‘ಅಪ್ಪಾ ಬ್ಯಾಡ’ ಎನ್ನುತ್ತಾನೆ. ನನ್ನ ಮಗನೇ ಬೇಡ ಎನ್ನುತ್ತಾನೆ. ಆದರೂ ತೆರೆಯುತ್ತೇನೆ. ಮೋಸ ಕಂಡುಬಂದರೆ ಸಂಜೆ ಪಂಚರ ಮುಂದೆ ನಾನೇ ಅವನ ಕೈ ಹಿಡಿದು ಭಂಡಾರದಲ್ಲಿ ಇಡುತ್ತೇನೆ, ತೆಂಗಿನಕಾಯಿಯನ್ನೂ ನಾನೇ ಒಡೆಯುತ್ತೇನೆ. ಮತ್ತು ಇನ್ನು ಮುಂದೆ ನಾನು ಡೊಳ್ಳಿನ ಪದ ಕಟ್ಟುವುದಿಲ್ಲ. ಆಯಿತಲ್ಲ?

ಓದು ತಂಗಿ. ಬಂದ ಸಂದೇಶಗಳನ್ನು ಮೊದಲು ನೋಡು. … ಏನೂ ಇಲ್ಲವೆ? ಸರಿಯಾಗಿ ನೋಡು. … ಬೀಗರೆ, ನಿಮ್ಮ ಮಗಳು ಹೇಳುತ್ತಿದ್ದಾಳೆ: ಇದಕ್ಕೆ ಸ್ವಂತ ಸಿಮ್ಮು ಇಲ್ಲ, ಬರುವ ಸಂದೇಶವೆಲ್ಲ ಮೊಬೈಲಿನಿಂದಲೇ ಬರಬೇಕು, ಮೊಬೈಲು ಕಂಬಳಿಯ ಮೇಲೆ ಬಂದಾಗಿತ್ತು. ನಿನ್ನೆ ಮಧ್ಯಾಹ್ನದಿಂದ ಇದಕ್ಕೆ ಒಂದು ಅಕ್ಷರವೂ ಬಂದಿಲ್ಲ. ಕೇಳಿಸಿತೆ? ಒಂದು ಅಕ್ಷರ.



… ಮತ್ತೆ ಏನು ನೋಡುತ್ತಿದ್ದ ಎಂದು ನನ್ನನ್ನು ಕೇಳಿದರೆ? ಅದನ್ನೇ ಈಗ ಕೇಳುತ್ತಿದ್ದೇನೆ. ದೀಪಾಲಿ, ಇದರೊಳಗೆ ಮತ್ತೇನಿದೆ? … ಏನು? … ಗೇಮು? ಆಟಗಳೆ?

… ಇರ್ರಿ, ಬೀಗರೆ, ಇರ್ರಿ.

ಎಂಥ ಆಟ? ಒಂದೊಂದಾಗಿ ಹೇಳು. … ಒಂದು ಹಾವು ಇದೆ, ಕಾಳು ತಿಂದು ಉದ್ದ ಆಗುತ್ತದೆ, ತನ್ನ ಬಾಲವನ್ನು ತಾನೇ ಕಚ್ಚಿದರೆ ಸಾಯುತ್ತದೆ. ಆಯಿತು. … ಒಂದು ಹಕ್ಕಿ ಇದೆ, ಬೆರಳು ಮುಟ್ಟಿಸಿದಾಗಲೆಲ್ಲ ಹಾರುತ್ತದೆ, ಕಂಬಕ್ಕೆ ಬಡಿದು ಬೀಳುತ್ತದೆ. … ಅಂಕಿಗಳನ್ನು ಕೂಡಿಸುವುದು ಒಂದು. ಅದಾದರೂ ಲೆಕ್ಕದ ಆಟ. … ಮತ್ತೆ? ಏನಂದಿ?

… ಬೀಗರೆ, ಕೇಳ್ರಿ. ಒಂದು ಕುರಿ ಇದೆಯಂತೆ. ರೊಟ್ಟಿಯ ತುಣುಕಿನಷ್ಟು ಗಾಜಿನ ಮೇಲೆ ಒಂದು ಕುರಿ. ಹಿಂದಿನಿಂದ ತೋಳ ಬರುತ್ತದೆ. ಕೈಯನ್ನು ಸ್ವಲ್ಪ ತಿರುವಿದರೆ ಕುರಿ ಬೇಲಿ ಹಾರುತ್ತದೆ. ಹಾರದಿದ್ದರೆ ತೋಳ ತಿನ್ನುತ್ತದೆ. ನಿನ್ನೆ ಕೊನೆಗೆ ಆಡಿದ್ದು ಇದೇ ಆಟ. ಎಷ್ಟು ಹೊತ್ತಿಗೆ ಆಡಿದ್ದು ಎಂಬುದನ್ನೂ ಯಂತ್ರ ತೋರಿಸುತ್ತಿದೆಯಂತೆ. ಆ ಹೊತ್ತಿಗೆ ಅಲ್ಲಿ ಏನು ನಡೆದಿತ್ತು, ತಾವೇ ಹೇಳ್ರಿ.

… ನೆನಪಿಲ್ಲದಿದ್ದರೆ ನಾನು ಹೇಳುತ್ತೇನೆ. ಸವಾಲಿನ ಮೊದಲಿನ ಸ್ತುತಿಪದ ನಡೆದಿತ್ತು. ನನ್ನ ಪದ. ಮೊನ್ನೆ ಸುಗ್ಗಿಯಿಂದ ಕೂತು ಕಟ್ಟಿದ ಪದ. ನಾನೇ ಎದ್ದು ನಿಂತು ಹಾಡಿದೆ.

ಕರಿಯ ಕಂಬಳಿ ಹಾಸಿ, ಹಳದಿ ಭಂಡಾರ ಸೂಸಿ
ಕುರಿಯ ಕಾಯುವ ದೇವ ಕಣ್ಣ ತೆರೆಯೊ,
ಕಳೆದ ಮರಿ ಕೂಗಿದರೆ ಕತ್ತಲೊಳು ನಡೆದವನೆ
ನಮ್ಮ ಡೊಳ್ಳಿನ ಕರೆಗೆ ಓಗೊಡಯ್ಯ.

ನಾನು ಕುರಿ ಕಾಯುವ ದೇವರನ್ನು ಹಾಡಿ ಕರೆಯುತ್ತಿದ್ದೇನೆ. ನನ್ನ ಬೆನ್ನ ಹಿಂದೆ ನನ್ನ ಮೇಳದ ಮುಂದಾಳು, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಕೈ ತಿರುವಿ ಕುರಿ ಹಾರಿಸುತ್ತಿದ್ದಾನೆ. ಮನೆಯ ಅಂಗಳದ ತುಂಬ ಕುರಿ ಇವೆ. ಅವುಗಳಲ್ಲಿ ಒಂದಕ್ಕಾದರೂ ಇವನು ಈ ವರ್ಷ ನೀರು ಕುಡಿಸಿದ್ದನ್ನು ನಾನು ಕಂಡಿಲ್ಲ. ಗಾಜಿನ ಕುರಿಯನ್ನು ತೋಳ ತಿಂದೀತೆಂದು ಇವನಿಗೆ ಚಿಂತೆ.

… ಏನು? ಸಮಾಧಾನವೆ? ಮೋಸ ಅಲ್ಲ ಎಂದು ಗೊತ್ತಾಯಿತಲ್ಲ, ಸಂತೋಷಪಡ್ರಿ ಎನ್ನುತ್ತೀರಾ? ಬೀಗರೆ, ನನಗೆ ಮೋಸವೇ ಆಗಿದ್ದರೆ ಚೆನ್ನಾಗಿತ್ತು. ಕದಿಯುವವನಾದರೂ ಕಿವಿಗೊಟ್ಟು ಕೇಳಿರುತ್ತಾನೆ. ಏನು ನಡೆದಿದೆ ಎಂಬ ಎಚ್ಚರವಾದರೂ ಅವನಿಗೆ ಇರುತ್ತದೆ. ಅಕ್ಕಲಕೋಟದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬರುವ ತನಕ ಹುಡುಗರು ಏನಾದರೂ ಆಡಲಿ, ನಾನು ಬೇಡ ಎನ್ನುವುದಿಲ್ಲ. ನಾನೂ ತಾವೂ ಅದೇ ಗುಡಿಯ ಕಲ್ಲಿನ ಮೇಲೆ ಆಡು-ಹುಲಿ ಆಡಿದ್ದೇವೆ. ಪದ ಮುಗಿದು, ಮಂದಿ ಎದ್ದು ಹೋದ ಮೇಲೆ ಆಡಿದ್ದೇವೆ. ಪದ ನಡೆದಾಗ ಅಲ್ಲ.

… ಹಾಂ? ಈಗ ಏನಂದಿರಿ? ದೇವರ ಸ್ತುತಿಯ ಹೊತ್ತಿಗೆ ಆಟ ಆಡಿದ್ದು ಮೋಸಕ್ಕಿಂತಲೂ ದೊಡ್ಡ ಅಪರಾಧ. ಇದನ್ನು ಪಂಚರ ಮುಂದೆ ಹೇಳಿದರೆ ನಮ್ಮ ಮೇಳದ ಹೆಸರು ಶಾಶ್ವತವಾಗಿ ಹೋಗುತ್ತದೆ, ಆದ್ದರಿಂದ ಮೋಸವನ್ನೇ ಒಪ್ಪಿಕೊಂಡು ಒಂದು ವರ್ಷಕ್ಕೆ ಮುಗಿಸಿಕೊಳ್ಳಬೇಕು ಎನ್ನುತ್ತೀರಿ. ಒಳ್ಳೆಯ ಉಪದೇಶ. ಮಾಡದ ತಪ್ಪನ್ನು ಒಪ್ಪಿ, ಮಾಡಿದ ತಪ್ಪನ್ನು ಮುಚ್ಚಬೇಕು. ಅದೂ ಭಂಡಾರ ಮುಟ್ಟಿ. ತಾವು ಹನ್ನೂರದಲ್ಲಿ ಯಾಕೆ ಕೂತಿದ್ದೀರಿ, ಸೊಲ್ಲಾಪುರದ ಕೋರ್ಟಿಗೆ ಹೋಗಿ ಕರಿ ಕೋಟು ಹಾಕಿಕೊಳ್ರಿ.

ನೋಡೋ ಲಕ್ಷ್ಮೀಕಾಂತ, ನಿನ್ನ ಮಾವ ನಿನಗೆ ಎಷ್ಟು ಚಂದದ ದಾರಿ ತೋರಿಸುತ್ತಿದ್ದಾರೆ. … ತಲೆ ಎತ್ತು. ನಿನಗೆ ನಿನ್ನೆ ಬಾಯಿ ಇರಲಿಲ್ಲವೆ? ಎರಡೂರಿನ ಮಂದಿ ಕಳ್ಳ ಎನ್ನುತ್ತಿದ್ದಾಗ, ಡೊಳ್ಳಿನ ಮುಖ ನೆಲಕ್ಕೆ ಹಚ್ಚುತ್ತಿದ್ದಾಗ, ‘ನಾನು ಆಟ ಆಡುತ್ತಿದ್ದೆ’ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೆ? ನನ್ನ ಅಂಜಿಕೆಯೆ? ಮದುವೆಯಾದ ಮೇಲೂ ಅಪ್ಪನಿಗೆ ಅಂಜುತ್ತೀಯಾ? … ಅಂಜಿಕೆ ಅಲ್ಲ? ಮತ್ತೆ ಏನು?

… ಬೀಗರೆ, ಒಂದು ನಿಮಿಷ. ಇಲ್ಲಿ ಏನೋ ಇದೆ.

ದೀಪಾಲಿ, ಯಾಕೆ ಹಾಗೆ ನಿಂತೆ? ಅದರಲ್ಲಿ ಮತ್ತೇನು ಬರೆದಿದೆ? … ಅವನ ಮುಖ ಯಾಕೆ ನೋಡುತ್ತಿ? ಅವನು ಬೇಡ ಎಂದು ತಲೆ ಅಲ್ಲಾಡಿಸಿದರೆ ನೀನು ಬಿಟ್ಟುಬಿಡುತ್ತೀಯಾ? ಈ ಮನೆಯಲ್ಲಿ ಹಿರಿಯನು ಇನ್ನೂ ನಾನೇ ಇದ್ದೇನೆ. ಓದು.

… ಕುರಿ ಒಬ್ಬರದು, ತೋಳ ಇನ್ನೊಬ್ಬರದು? ಹಾಗೆಂದರೆ? ಆಡಿದವರು ಇಬ್ಬರೆ?

… ಬೀಗರೆ, ಕೇಳುತ್ತಿದ್ದೀರಾ? ಈ ಆಟವನ್ನು ಒಬ್ಬನೇ ಆಡುವುದಲ್ಲವಂತೆ. ಇಂಥದೇ ಇನ್ನೊಂದು ಗಡಿಯಾರ ಹತ್ತಿರದಲ್ಲಿ ಇದ್ದರೆ ಎರಡೂ ತಂತಿಯಿಲ್ಲದೆ ಕೂಡಿಕೊಳ್ಳುತ್ತವಂತೆ. ಒಬ್ಬನು ಕುರಿ ಹಾರಿಸಬೇಕು, ಇನ್ನೊಬ್ಬನು ಆ ದಿಕ್ಕಿನಿಂದ ತೋಳ ಬಿಡಬೇಕು. ನಿನ್ನೆಯ ಕುರಿ ನನ್ನ ಮಗನದು.

ತೋಳದ ಹೆಸರು ಓದು, ತಂಗಿ. ಗಟ್ಟಿಯಾಗಿ ಓದು, ನಿನ್ನ ಅಪ್ಪನಿಗೆ ಕೇಳಿಸಲಿ. ಫೋನನ್ನು ನಿನ್ನ ಬಾಯಿಯ ಹತ್ತಿರವೇ ಹಿಡಿಯುತ್ತೇನೆ.

… ಕೇಳಿಸಿತೆ?

… ಕೇಳಿಸಲಿಲ್ಲ? ನಾನು ಹೇಳುತ್ತೇನೆ. ಓಂಕಾರ.

… ಯಾವ ಓಂಕಾರ ಎನ್ನುತ್ತೀರಾ? ಹನ್ನೂರದಲ್ಲಿ ಓಂಕಾರ ಎಂಬುವರು ಬಹಳ ಜನ ಇರಬಹುದು. ಆದರೆ ದೀಪಾವಳಿಗೆ ಅಳಿಯನಿಗೆ ಒಂದು, ಮಗನಿಗೆ ಒಂದು ಎಂದು ಒಂದೇ ಅಂಗಡಿಯಿಂದ ಜೋಡಿ ಗಡಿಯಾರ ತಂದವರು ತಾವೊಬ್ಬರೇ. ತಂದ ದಿನ ಎಷ್ಟು ಮೆರೆದಿರಿ, ‘ಅಳಿಯಗ ಬ್ಯಾರೆ ಮಗಗ ಬ್ಯಾರೆ ಮಾಡಿಲ್ಲ ನಾ’ ಎಂದು. ಮಾಡಿಲ್ಲ, ನಿಜ. ಅಳಿಯ ಬಿಚ್ಚಲಿಲ್ಲವೆಂದು ನಿಮ್ಮ ಮಗನೂ ಬಿಚ್ಚಿರಲಿಕ್ಕಿಲ್ಲ. ನಿನ್ನೆ ಇಬ್ಬರೂ ಬ್ಯಾರೆ ಬ್ಯಾರೆ ಮೇಳದಲ್ಲಿ ಎದುರುಬದುರು ಕೂತು ಒಂದೇ ಆಟ ಆಡಿದ್ದಾರೆ.

… ಹಲೋ? ಇದ್ದೀರಾ?

… ಇದ್ದೀರಿ. ಓಂಕಾರನನ್ನು ಕೂಗುತ್ತಿದ್ದೀರಿ, ಅವನೂ ಕೇಳಲಿ.

ಈಗ ನೀನು ಹೇಳೋ, ಲಕ್ಷ್ಮೀಕಾಂತ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ.

… ಹಾಂ… ಹಾಂ.

… ಬೀಗರೆ, ಇವನು ಹೇಳುವುದು ಹೀಗೆ. ಆಟದಲ್ಲಿ ತಮ್ಮ ಓಂಕಾರ ಸೋಲುತ್ತಲೇ ಇದ್ದ. ಸವಾಲು ಹಾಡುವಾಗಲೂ ಕಣ್ಣಿನಿಂದ ಇವನನ್ನು ಕೆಣಕುತ್ತಿದ್ದ. ಇವನು ಒಂದೇ ಉಸಿರಿಗೆ ಜವಾಬು ಕೊಟ್ಟ ಕೂಡಲೆ ಅವನು ಅಕ್ಕನ ಗಂಡನೊಡನೆ ಚೇಷ್ಟೆಗಾಗಿ ‘ಗಡ್ಯಾಳ ನೋಡಿ ಹೇಳ್ಯಾನ ನಮ್ಮ ಮಾವ’ ಎಂದು ಬಾಯಿ ಬಿಟ್ಟ. ಅವನಿಗೆ ನಗಿಸಬೇಕಿತ್ತು ಅಷ್ಟೆ. ಹಿಂದೆ ಕೂತ ನಿಮ್ಮ ಮಂದಿ ಅದನ್ನೇ ಹಿಡಿದುಕೊಂಡರು, ನಮ್ಮ ಮಂದಿ ಎದ್ದರು, ಪಂಚರು ಕೋಲು ಎತ್ತಿದರು. ಅವನು ಆ ಮಾತನ್ನು ಹಿಂದಕ್ಕೆ ತಗೊಳ್ಳಬೇಕೆಂದರೆ ತಾನೂ ಆಡುತ್ತಿದ್ದುದನ್ನು ಹೇಳಬೇಕು. ಇವನು ತನ್ನನ್ನು ಬಿಡಿಸಿಕೊಳ್ಳಬೇಕೆಂದರೆ ಹೆಂಡತಿಯ ತಮ್ಮನನ್ನು ಹಿಡಿದುಕೊಡಬೇಕು. ಇಬ್ಬರು ಗಂಡಸರು ಬಾಯಿ ಮುಚ್ಚಿಕೊಂಡು ನಿಂತರು. ನನ್ನ ಅಜ್ಜನ ಡೊಳ್ಳು ಮಣ್ಣು ಮುಕ್ಕಿತು.

… ಇಲ್ಲ. ಅದೊಂದು ಮಾತ್ರ ಆಗದು. ‘ಇಬ್ಬರೂ ನಮ್ಮ ಮಕ್ಕಳು, ಮನೆಯ ಮಾತು ಮನೆಯಲ್ಲಿ ಇರಲಿ’ ಎಂಬುದನ್ನು ತಾವು ನಿನ್ನೆ ಕಟ್ಟೆಯ ಮೇಲೆ ಹೇಳಬೇಕಿತ್ತು. ನಿನ್ನೆ ನನ್ನ ಮಗ ಒಬ್ಬನೇ ಇದ್ದಾಗ ಊರ ಮಾತಾಗಿತ್ತು. ಇವತ್ತು ತಮ್ಮ ಮಗ ಜೊತೆಯಾದ ಕೂಡಲೆ ಮನೆಯ ಮಾತಾಯಿತೆ?

… ಸಂಜೆ ಇಬ್ಬರೂ ನಿಲ್ಲಬೇಕು. ಇಬ್ಬರೂ ಭಂಡಾರ ಮುಟ್ಟಿ ಏನು ಮಾಡಿದೆವು ಎಂಬುದನ್ನು ಹಾಗೆಯೇ ಹೇಳಬೇಕು. ಆಟ ಆಡಿದ್ದನ್ನು ಹೇಳಬೇಕು, ಮೋಸ ಮಾಡಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಮಗನಿಗೆ ಏನು ಶಿಕ್ಷೆ ಕೊಡುತ್ತಾರೋ ಕೊಡಲಿ. ಮತ್ತು ಎರಡು ಮೇಳದ್ದೂ ತಪ್ಪು ಇರುವಾಗ ಒಂದೇ ಮೇಳದ ಡೊಳ್ಳು ನೆಲಕ್ಕೆ ಮುಖ ಹಚ್ಚುವುದು ನ್ಯಾಯವಲ್ಲ. ತಮ್ಮದೂ ನಿಲ್ಲಬೇಕು.

… ಹೌದು, ನಿಮ್ಮ ಅಪ್ಪನವರ ಡೊಳ್ಳು. ಗೊತ್ತು. ನಾನು ಚಿಕ್ಕವನಿದ್ದಾಗ ಅದರ ಹೊಡೆತ ಕೇಳಿ ಮೈ ಜುಮ್ಮೆಂದಿದೆ. ಅದಕ್ಕೇ ಹೇಳುತ್ತಿದ್ದೇನೆ.

… ಏನಂದ್ರಿ? ಮಗಳನ್ನು ತವರಿಗೆ ಕರೆದುಕೊಂ… ಬೀಗರೆ, ಆ ಮಾತನ್ನು ಪೂರ್ತಿ ಮಾಡಬೇಡಿ. ದೀಪಾಲಿ ಇಲ್ಲಿಯೇ ನಿಂತಿದ್ದಾಳೆ. ನಿಮ್ಮ ಧ್ವನಿ ಅವಳಿಗೆ ಕೇಳಿಸುತ್ತಿದೆ. ತಮ್ಮನ ಹೆಸರನ್ನು ತನ್ನ ಬಾಯಿಂದ ಓದಿದವಳು ಅವಳು. ಓದದೆ ಇರಬಹುದಿತ್ತು. ಗಂಡ ಬೇಡ ಎಂದಿದ್ದ.

… ಹಾಂ? ಅವಳೇನೋ ಹೇಳುತ್ತಿದ್ದಾಳೆ. ಏನು ತಂಗಿ? … ಬೀಗರೆ, ನಿಮ್ಮ ಮಗಳು ಹೇಳುತ್ತಿದ್ದಾಳೆ: ‘ಅಪ್ಪಾ, ನೀ ಕರಿಯಾಕ ಬಂದರ ನಾ ಬರಂಗಿಲ್ಲ. ಓಂಕಾರನ ಕರಕೊಂಡು ಕಂದಲಗಾಂವಕ್ಕ ಬಾ, ಅಲ್ಲಿಗಿ ನಾನೂ ಬರ್ತೀನಿ.’ ಇಷ್ಟೇ. ಕೇಳಿಸಿತಲ್ಲ?

… ಹಲೋ.

… ಹಲೋ, ಸಾಯಬಣ್ಣನವರೆ? ಎಲ್ಲಿಗೆ ಹೋದಿರಿ? ಅದೇನು ಸಪ್ಪಳ?

… ದೀಪಾಲಿ, ಇದು ಯಾಕೆ ಟುಣ್ ಟುಣ್ ಎನ್ನುತ್ತಿದೆ? … ಚಾರ್ಜು ಮುಗಿಯಿತೆ? ಇನ್ನೊಂದು ಚೂರು ತಡೆಯಲಿ. ಇಡೀ ದಿನ ತಡೆದಿದೆ, ಈಗೇನು ಅವಸರ ಇದಕ್ಕೆ?

… ಹಾಂ, ಬೀಗರೆ, ಬಂದಿರಿ. ಏನು ಸಪ್ಪಳ ಅದು?

… ಏನು?

… ನಿಮ್ಮ ಡೊಳ್ಳನ್ನು ಯಾಕೆ ಈಗಲೇ ಇಟ್ಟಿರಿ? ಪಂಚರು ಹೇಳಲಿ ಎಂದಿದ್ದೆ ನಾನು. … ತಾವೇ ಎತ್ತಿ, ತಾವೇ ತಮ್ಮ ಕೈಯಿಂದ ನಡುಮನೆಯಲ್ಲಿ ಮುಖ ನೆಲಕ್ಕೆ ಹಚ್ಚಿ ಇಟ್ಟಿರಿ. … ಹಾಂ.

… ಇಲ್ಲ, ಇನ್ನೇನು ಹೇಳಲಿ? ಸೊಂಟ ನೋವಿದೆ ಎನ್ನುತ್ತಿದ್ದಿರಿ, ಅಷ್ಟು ದೊಡ್ಡ ಡೊಳ್ಳನ್ನು ಒಬ್ಬರೇ ಎತ್ತಬಾರದಿತ್ತು. ಅದಿರಲಿ. ಸಂಜೆ ಎರಡನ್ನೂ ಒಟ್ಟಿಗೇ ಎತ್ತಿಸಬೇಕು. ನಾಳೆ ಅಮಾವಾಸ್ಯೆ, ನಿಮ್ಮಲ್ಲಿಯೂ ನುಡಿಯಬೇಕಲ್ಲ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ, ನನ್ನ ಸಿಟ್ಟು ಇಳಿದಿಲ್ಲ. ಎರಡು ಗಡಿಯಾರವೂ ಇವತ್ತು ಕಂಬಳಿಯ ಮೇಲೆ ಬೀಳಬೇಕು, ಮಾವ ಕಟ್ಟಿದ್ದೇ ಇರಲಿ, ಯಾರು ಕಟ್ಟಿದ್ದೇ ಇರಲಿ.

… ಫೋನನ್ನು ಯಾರಿಗೆ ಕೊಡುತ್ತೀರಿ? ಓಂಕಾರನಿಗೆ? ನನ್ನೊಡನೆ ಮಾತಾಡುತ್ತಾನಂತೆಯೆ? ಕೊಡ್ರಿ.

… ಹಲೋ. ಅಳಬೇಡ. ಮೀಸೆ ಬಂದವನು ಫೋನಿನಲ್ಲಿ ಅತ್ತರೆ ನನಗೇನೂ ಕೇಳಿಸುವುದಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳು. ಆಡಿದ್ದು ನಿಜವೆ?

… ಸಂಜೆ ಹೇಳುತ್ತೀಯಾ, ಎಲ್ಲರ ಮುಂದೆ?

… ಸರಿ. ಆ ಮಾತು ಮುಗಿಯಿತು. ಇನ್ನೊಂದು ಕೇಳುತ್ತೇನೆ, ಇದು ಪಂಚರಿಗೆ ಸಂಬಂಧಪಟ್ಟದ್ದಲ್ಲ. ನೀನು ಹಾಡುಗಾರ. ಕಂಠ ಇದೆ ನಿನಗೆ, ನಾನು ಎಂದೂ ಇಲ್ಲ ಎಂದಿಲ್ಲ. ನಿನ್ನೆ ನಾನು ನಿಂತು ಹಾಡುತ್ತಿದ್ದಾಗ ನೀನು ತೋಳ ಬಿಡುತ್ತ ಕೂತಿದ್ದೆ. ಆ ಪದದ ಒಂದು ಸಾಲಾದರೂ ನಿನ್ನ ಕಿವಿಗೆ ಬಿತ್ತೆ? ನಿನ್ನ ಮಾವ ಲಕ್ಷ್ಮೀಕಾಂತನನ್ನು ಆಮೇಲೆ ಕೇಳುತ್ತೇನೆ, ಅವನು ಎಲ್ಲಿಗೂ ಓಡಿ ಹೋಗುವುದಿಲ್ಲ. ಮೊದಲು ನೀನು ಹೇಳು.

… ಹಾಂ? ಹಾಡಿಯೇ ತೋರಿಸುತ್ತೀಯಾ? … ಹಾಡು.

… ‘ಹಳದಿ ಭಂಡಾರ ಸುರಿಸಿ’ ಅಲ್ಲ. ಸೂಸಿ. ಸುರಿಸಿದರೆ ರಾಶಿಯಾಗುತ್ತದೆ, ಸೂಸಿದರೆ ಗಾಳಿಯಲ್ಲಿ ನಿಲ್ಲುತ್ತದೆ. ಮುಂದೆ.

… ಹಾಂ.

… ಹಾಂ. ‘ಕಣ್ಣ ತೆರೆಯೊ’ ಎನ್ನುವಾಗ ಅಷ್ಟು ಎಳೆಯಬೇಡ, ಕೆಳಗೆ ಇಳಿಸು. … ಹಾಗೆ.

… ಲಕ್ಷ್ಮೀಕಾಂತ, ಆ ಮರಿಗಳ ಬಾಯಿ ಮುಚ್ಚಿಸು, ಇವನು ಹಾಡುವುದು ಕೇಳಿಸುತ್ತಿಲ್ಲ.

… ಹಾಂ, ‘ಕತ್ತಲೊಳು ನಡೆದವನೆ’. ಸರಿಯಾಗಿದೆ. ಕೊನೆಯ ಸಾಲು ಹೇಳು.

… ಹೇಳಪ್ಪಾ, ಕೊನೆಯ ಸಾಲು. ನಮ್ಮ ಡೊಳ್ಳಿನ…

… ಹಲೋ? ಓಂಕಾರ, ಕೇಳಿಸಲಿಲ್ಲ. ಹಲೋ…